ಅರ್ಧ ತುಕ್ಕು ಹಿಡಿದ ಕಾರು

ನಾನು ಹುಟ್ಟಾ ಪುಕ್ಕಲು. ಬಸ್ಸಿನಲ್ಲಿ ಕೂತರೆ ಎದುರು ಸೀಟಿನ ಕಂಬಿ ಬಿಡುವವಳಲ್ಲ. ಪರ್ಕಳದ ಇಳಿಜಾರಿನಲ್ಲಿ ಡ್ರೈವರ್ ಬ್ರೇಕ್ ಒತ್ತುವ ಮೊದಲೇ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡದ್ದು ನಿಜ. ಆ ಲೈಸೆನ್ಸ್ ಸಿಮ್ ಕಾರ್ಡ್ ತೆಗೆದುಕೊಳ್ಳುವುದಕ್ಕೆ ಉಪಯೋಗವಾಗಿದೆ, ಬ್ಯಾಂಕಿನಲ್ಲಿ ಉಪಯೋಗವಾಗಿದೆ, ಕಾರು ಓಡಿಸುವುದಕ್ಕೆ ಮಾತ್ರ ಆಗಿಲ್ಲ. ಹೆದರುವವರ ಮೇಲೆ ಕಪ್ಪೆ ಎಸೆದರು ಎನ್ನುತ್ತಾರಲ್ಲ, ಹಾಗೆ ಕಾರುಗಳ ನಡುವೆಯೇ ಜೀವನ ಕಳೆದ ಅಪ್ಪನ ಮನೆಯಲ್ಲಿ ದೇವರು ನನ್ನನ್ನು ಹುಟ್ಟಿಸಿದ.

ಅಪ್ಪನಿಗೆ ಕಾರ್ಕಳ ಪೇಟೆಯ ಹೊರಗೆ ಟಿಂಕರಿಂಗ್ ಮತ್ತು ಪೈಂಟಿಂಗ್ ಶೆಡ್ ಇತ್ತು. ಜಜ್ಜಿದ ಕಾರು ಬರುತ್ತಿತ್ತು, ನುಣುಪಾದ ಕಾರು ಹೋಗುತ್ತಿತ್ತು. ವಯಸ್ಸಾಯಿತೆಂದು ಶೆಡ್ ಬಿಟ್ಟುಕೊಟ್ಟ ಮೇಲೆ ಅವರ ಕೈಯಲ್ಲಿ ಉಳಿದದ್ದು ನಮ್ಮದೇ ಹಳೆಯ ಬಿಳಿ ಕಾರು ಒಂದು. ಅದನ್ನು ಅವರು ದಿನಾ ಬೆಳಿಗ್ಗೆ ಒರೆಸುತ್ತಿದ್ದರು. ಪ್ರತಿ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಕಾಪುವಿಗೆ ಹೋಗುತ್ತಿದ್ದರು. ಅಲ್ಲಿ ಕಡಲಿನ ಹತ್ತಿರ ನನ್ನ ಚಿಕ್ಕಮ್ಮನ ಮನೆ. ಹೋಗುವುದು ತಂಗಿಯನ್ನು ನೋಡುವುದಕ್ಕೆ ಎಂದು ಅಮ್ಮ ಹೇಳುತ್ತಿದ್ದಳು, ತಾಜಾ ಬೂತಾಯಿ ಮೀನಿಗೆ ಎಂದು ಅಪ್ಪ. ಕುಕ್ಕುಂದೂರಿನ ಮನೆಯಲ್ಲಿ ನಾವು ಮೂವರೇ. ನಮ್ಮ ಮಾತು ತುಳು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಮಣಿಪಾಲದಲ್ಲಿ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹಲ್ಲಿಗೆ ಬಣ್ಣ ಕೊಡುವುದು ನನ್ನ ಕೆಲಸ. ಹೊಸ ಹಲ್ಲು ಹೊಸದಾಗಿ ಕಂಡರೆ ಕೆಲಸ ಕೆಟ್ಟಿತು ಎಂದರ್ಥ. ಪಕ್ಕದ ಹಲ್ಲು ಎಷ್ಟು ವರ್ಷ ಚಹಾ ಕುಡಿದಿದೆಯೋ ಅಷ್ಟೇ ಚಹಾ ಇದೂ ಕುಡಿದ ಹಾಗೆ ಕಾಣಬೇಕು. ಆ ಅಭ್ಯಾಸದಿಂದಲೇ ನನಗೆ ಪ್ಲಾಸ್ಟಿಕ್ ಕಿಟ್‌ಗಳ ಹುಚ್ಚು ಹತ್ತಿದ್ದು. ಪೆಟ್ಟಿಗೆಯಲ್ಲಿ ಬಿಡಿಬಿಡಿ ಭಾಗಗಳು ಬರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಅಂಗೈಯಲ್ಲಿ ಹಿಡಿಯುವಷ್ಟು ಕಾರು ಮಾಡಬೇಕು. ಆಮೇಲೆ ನನಗೆ ನಿಜವಾಗಿ ಇಷ್ಟದ ಕೆಲಸ ಶುರು. ಅದನ್ನು ಹಳತು ಮಾಡುವುದು. ಬಣ್ಣ ಎದ್ದ ಬಾನೆಟ್, ತುಕ್ಕು ಹಿಡಿದ ಬಾಗಿಲು, ಕೆಸರು ಮೆತ್ತಿದ ಟಯರು. ದೊಡ್ಡ ಕಾರಿಗೆ ಹೆದರುವವಳು ಸಣ್ಣ ಕಾರಿನ ಮೇಲೆ ಸೇಡು ತೀರಿಸಿಕೊಳ್ಳುತ್ತಾಳೆ ಎಂದು ಲ್ಯಾಬಿನವರು ಹೇಳುತ್ತಾರೆ. ಹೇಳಲಿ. ಯಾರಿಗೂ ಅಪಾಯವಿಲ್ಲದ ಕಾರು ಅದೊಂದೇ.

ಈ ಸಲ ತಂದದ್ದು ಉರುಟು ಹೆಡ್‌ಲೈಟಿನ, ನಾಲ್ಕು ಬಾಗಿಲಿನ ಹಳೆಯ ಕಾಲದ ಕಾರು. ಅಪ್ಪನ ಶೆಡ್ಡಿಗೆ ಅಂಥವು ತುಂಬ ಬರುತ್ತಿದ್ದವು. ಜೋಡಿಸಿ, ತಿಳಿ ನೀಲಿ ಬಣ್ಣ ಕೊಟ್ಟು, ಕಂದು ಬಣ್ಣದಲ್ಲಿ ತುಕ್ಕು ಹಚ್ಚಲು ಶುರು ಮಾಡಿದ್ದೆ. ಸಿಟೌಟಿನಲ್ಲಿ ಪೇಪರ್ ಹಿಡಿದು ಕೂತಿದ್ದ ಅಪ್ಪ ಎದ್ದು ಬಂದು ನನ್ನ ಹೆಗಲ ಮೇಲಿಂದ ನೋಡಿದರು.

"ಎಂತ ಮಾರಾಯ್ತಿ ಇದು? ತುಕ್ಕು ಕೆರೆದು ಕೆರೆದು ನನ್ನ ಉಗುರೆಲ್ಲ ಸವೆದದ್ದು. ನೀನು ದುಡ್ಡು ಕೊಟ್ಟು ಹೊಸ ಕಾರು ತಂದು ಅದಕ್ಕೆ ತುಕ್ಕು ಹಿಡಿಸ್ತಿಯಾ?"

"ಹೇಗುಂಟು ಹೇಳಿ."

"ಇದು ತುಕ್ಕಲ್ಲ, ಚಾಕಲೇಟು. ಮಕ್ಕಳು ತಿಂದು ಕೈ ಒರೆಸಿದ ಹಾಗೆ ಉಂಟು."

ನನಗೆ ಸಿಟ್ಟು ಬಂತು. ಹಾಗಾದರೆ ನೀವೇ ಮಾಡಿ ಎಂದು ಬ್ರಷ್ಷು ಅವರ ಕೈಗೆ ಕೊಟ್ಟೆ. ಅವರು ಬೇಡ ಎನ್ನಲಿಲ್ಲ. ಘಟ್ಟದ ಕಡೆಯ ಕಾರಿಗೆ ಕೆಸರು, ಕಾಪುವಿನ ಕಾರಿಗೆ ಕಡಲ ಗಾಳಿ, ಎರಡರ ತುಕ್ಕು ಒಂದೇ ಅಲ್ಲ ಎಂದು ಹೇಳುತ್ತ ಅಂಗಳಕ್ಕೆ ಇಳಿದು, ಸುತ್ತಿನ ಪಾಗಾರದ ಗೋಡೆಯ ಕೆಂಪು ಮುರಕಲ್ಲನ್ನು ಚಮಚದಿಂದ ಕೆರೆದು ಪುಡಿ ತಂದರು. ಅದನ್ನು ಅಮ್ಮನ ಚಹಾ ಸೋಸುವ ಜರಡಿಯಲ್ಲಿ ಗಾಳಿಸಿದರು. ಬಣ್ಣಕ್ಕೆ ಆ ಪುಡಿ ಕಲಸಿ ಬಾಗಿಲಿನ ಕೆಳ ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಒತ್ತಿದಾಗ ಅದು ಉಬ್ಬಿ, ಒರಟಾಗಿ, ನಿಜವಾದ ತುಕ್ಕಿನ ಹಾಗೆಯೇ ಕೂತಿತು. ಜರಡಿ ಹಾಳಾಯಿತೆಂದು ಅಮ್ಮ ಕೂಗಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಆ ವಾರವೆಲ್ಲ ನಾನು ಮಣಿಪಾಲಕ್ಕೆ ಹೋದ ಮೇಲೆ ಅಪ್ಪ ಸಿಟೌಟಿನ ಮೇಜಿನಲ್ಲಿ ಅದರ ಹಿಂದೆಯೇ ಬಿದ್ದಿದ್ದರು. ಮುಗಿಯದೆ ತೋರಿಸುವುದಿಲ್ಲ ಎಂದು ಸಂಜೆ ಅದರ ಮೇಲೆ ಬಟ್ಟೆ ಮುಚ್ಚಿಡುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಹೊರಗಿನಿಂದ ಅಪ್ಪ ಕೂಗಿದರು. "ನಿನ್ನ ಕಾರು ಮುಗೀತು, ನೋಡು. ನಾವು ಹೊರಟೆವು!" ಕಾರು ಸ್ಟಾರ್ಟ್ ಆದ ಸದ್ದು, ಗೇಟಿನ ಸದ್ದು, ಅಮ್ಮ ಎರಡು ಸಲ ಸೀನಿದ ಸದ್ದು ಕೇಳಿತು. ಅವಳಿಗೆ ಶೀತ. ಬೆಳಿಗ್ಗೆ ಮಾತ್ರೆ ತಿಂದಿದ್ದಳು.

ತಲೆ ಒರೆಸಿಕೊಳ್ಳುತ್ತ ಬಂದು ಬಟ್ಟೆ ಎತ್ತಿದೆ. ಕಾರಿನ ಬಲಮೈ ನನ್ನ ಕಡೆಗಿತ್ತು. ಮೂತಿ ನನ್ನ ಬಲಕ್ಕೆ. ಮುಂದಿನ ಬಾಗಿಲು, ಮುಂದಿನ ಮಡ್‌ಗಾರ್ಡ್ ನೋಡಿ ಬಾಯಿ ತೆರೆದೇ ಉಳಿಯಿತು, ಅಷ್ಟು ಚೆನ್ನಾಗಿತ್ತು. ಆದರೆ ಹಿಂದಿನ ಬಾಗಿಲಿನಿಂದ ಡಿಕ್ಕಿಯವರೆಗೆ ಒಂದು ಚುಕ್ಕಿ ತುಕ್ಕಿಲ್ಲ. ತಿಳಿ ನೀಲಿ, ನಾನು ಬಳಿದದ್ದು ಬಳಿದ ಹಾಗೆ. ಅವಸರದಲ್ಲಿ ಅರ್ಧಕ್ಕೇ ಬಿಟ್ಟು ಬೂತಾಯಿಗೆ ಓಡಿದರು ಎಂದು ನಕ್ಕೆ. ತಿರುಗಿಸಿದೆ. ಈಗ ಎಡಮೈ ನನ್ನ ಕಡೆ, ಮೂತಿ ಎಡಕ್ಕೆ. ಇಲ್ಲಿ ಹಿಂದಿನ ಬಾಗಿಲು, ಹಿಂದಿನ ಚಕ್ರದ ಸುತ್ತ ಭರ್ತಿ ತುಕ್ಕು, ಮುಂದಿನ ಅರ್ಧ ಹೊಸದು. ಇದೆಂಥ ಲೆಕ್ಕ? ಒಂದು ಬದಿಯಲ್ಲಿ ಹಿಂಭಾಗ ಬಿಟ್ಟಿದ್ದಾರೆ, ಇನ್ನೊಂದು ಬದಿಯಲ್ಲಿ ಮುಂಭಾಗ. ಮೂತಿಯನ್ನು ನನ್ನ ಕಡೆಗೆ ತಿರುಗಿಸಿದೆ. ನನ್ನ ಬಲಗಡೆಯ ಹೆಡ್‌ಲೈಟಿನ ಸುತ್ತ ತುಕ್ಕು. ಎಡಗಡೆಯದರ ಸುತ್ತ ಏನೂ ಇಲ್ಲ. ಡಿಕ್ಕಿಯ ಕಡೆ ತಿರುಗಿಸಿದೆ. ಅಲ್ಲಿಯೂ ಬಲಕ್ಕೆ ಉಂಟು, ಎಡಕ್ಕೆ ಇಲ್ಲ.

ಎಲ್ಲಿಂದ ನೋಡಿದರೂ ನೋಡುವವರ ಎಡಭಾಗ ಖಾಲಿ.

ಅಪ್ಪ ಅರ್ಧ ಕೆಲಸ ಮಾಡಿದವರಲ್ಲ. ಮುಗೀತು ಎಂದಿದ್ದರು. ಅವರ ಕಣ್ಣಿಗೆ ಅದು ಮುಗಿದಿತ್ತು. ಎಡಗಡೆ ಒಂದು ಭಾಗ ಉಂಟು ಎಂಬುದೇ ಅವರಿಗೆ ಗೊತ್ತಾಗಿರಲಿಲ್ಲ.

ಆಮೇಲೆ ಮಣಿಪಾಲದ ಡಾಕ್ಟರು ಸ್ಕ್ಯಾನ್ ತೋರಿಸಿ ವಿವರಿಸಿದರು. ಯಾವಾಗಲೋ ಮೆದುಳಿನ ಬಲಭಾಗದಲ್ಲಿ ಸಣ್ಣದೊಂದು ಸ್ಟ್ರೋಕ್ ಆಗಿಹೋಗಿದೆ. ಕೈಕಾಲಿಗೆ, ಮಾತಿಗೆ ಏನೂ ಆಗಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಕಣ್ಣು ಸರಿಯಾಗಿಯೇ ಇದೆ, ಆದರೆ ನೋಡಿದ್ದರಲ್ಲಿ ಎಡಗಡೆಯದ್ದನ್ನು ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಣುವುದಿಲ್ಲ ಎಂಬುದು ಕಾಣದವರಿಗೇ ಗೊತ್ತಾಗುವುದಿಲ್ಲ ಎಂದರು. ಆ ಭಾನುವಾರ ನನಗೆ ಈ ಯಾವ ಮಾತೂ ಗೊತ್ತಿರಲಿಲ್ಲ. ಆದರೆ ಸಿಟೌಟಿನಲ್ಲಿ ಒದ್ದೆ ತಲೆಯಲ್ಲಿ ನಿಂತವಳಿಗೆ ಒಂದೊಂದೇ ನೆನಪಾಗತೊಡಗಿತು. ಅಪ್ಪನ ಎಡಗೆನ್ನೆಯಲ್ಲಿ ಈಚೆಗೆ ಉಳಿಯುತ್ತಿದ್ದ ಕುರುಚಲು ಗಡ್ಡ. ಊಟದ ಮಧ್ಯೆ ಅಮ್ಮ ಸುಮ್ಮನೆ ಕೈ ಚಾಚಿ ಅವರ ಬಟ್ಟಲನ್ನು ಅರ್ಧ ಸುತ್ತು ತಿರುಗಿಸುತ್ತಿದ್ದದ್ದು. ಅದೇನೋ ಅವಳ ಅತಿ ಉಪಚಾರ ಎಂದುಕೊಂಡಿದ್ದೆ.

ಈಗ ಆ ಮನುಷ್ಯ ಸ್ಟೇರಿಂಗ್ ಹಿಡಿದು ಹೆದ್ದಾರಿಗೆ ಹೋಗುತ್ತಿದ್ದಾರೆ. ರಸ್ತೆಯಲ್ಲಿ ಬದುಕಿರುವುದೆಲ್ಲ ಇರುವುದು ಎಡಗಡೆಯಲ್ಲಿ. ನಡೆಯುವವರು, ಸೈಕಲ್ಲಿನವರು, ಬಸ್ಸಿಗೆ ಕಾಯುವವರು. ಎಡಗಡೆಯ ಸೀಟಿನಲ್ಲಿ ನನ್ನ ಅಮ್ಮ.

ಅಪ್ಪನಿಗೆ ಫೋನ್ ಮಾಡಿದೆ. ಓಡಿಸುವಾಗ ಫೋನ್ ತೆಗೆಯಬಾರದು ಎಂಬ ನಿಯಮ ಮಾಡಿದ್ದೇ ನಾನು. ರಿಂಗಾಗಿ ರಿಂಗಾಗಿ ನಿಂತಿತು. ಅಮ್ಮನಿಗೆ ಮಾಡಿದೆ. ಅವಳ ಫೋನು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಹಾಡಿತು. ಕಾಪುವಿನ ಚಿಕ್ಕಮ್ಮನಿಗೆ ಮಾಡಿದೆ.

"ಇನ್ನೂ ಬರಲಿಲ್ಲ ಅಲ್ವಾ. ಬಂದ ಕೂಡಲೇ ಹೇಳ್ತೇನೆ. ಎಂತ ಆಯಿತು ನಿನಗೆ, ಸ್ವರ ಹೀಗ್ಯಾಕೆ ಉಂಟು?"

ಏನಿಲ್ಲ ಎಂದೆ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಮನೆಯಲ್ಲಿ ಕೂತು ಕಾಯುವುದು ನನ್ನಿಂದ ಆಗಲಿಲ್ಲ. ಸಣ್ಣ ಕಾರನ್ನು ತಲೆ ಒರೆಸಿದ ಬೈರಾಸಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಬೀಗ ಹಾಕಿ, ಕಾರ್ಕಳಕ್ಕೆ ರಿಕ್ಷಾದಲ್ಲಿ ಹೋಗಿ ಪಡುಬಿದ್ರಿಯ ಬಸ್ಸು ಹತ್ತಿದೆ.

ಎಂದೂ ಕೂರದ ಜಾಗದಲ್ಲಿ ಕೂತೆ. ಎಡಗಡೆಯ ಕಿಟಕಿ. ರಸ್ತೆಯ ಅಂಚಿನಲ್ಲಿ ಬಿಳಿ ಬಣ್ಣದ್ದು ಏನು ಕಂಡರೂ ನಮ್ಮ ಕಾರೇ ಎಂದು ಎದ್ದು ನೋಡುತ್ತಿದ್ದೆ. ಒಣಗಲು ಹಾಕಿದ ಪಂಚೆ, ಮೈಲಿಗಲ್ಲು, ಮಲಗಿದ ದನ. ಬೆಳ್ಮಣ್ ಹತ್ತಿರ ಜನ ಗುಂಪುಗೂಡಿ ನಿಂತಿದ್ದರು. ಬಸ್ಸು ನಿಧಾನವಾಯಿತು. ಗುಂಪಿನ ಮಧ್ಯೆ ಒಬ್ಬ ಮೀನಿನ ಪೆಟ್ಟಿಗೆ ಕಟ್ಟಿದ ಸ್ಕೂಟರ್ ನಿಲ್ಲಿಸಿಕೊಂಡು ಬಂಗುಡೆ ಎಣಿಸಿ ಹಾಕುತ್ತಿದ್ದ. ನನಗೆ ಅಳು ಬಂತು. ಪಕ್ಕದಲ್ಲಿ ಕೂತ ಹೆಂಗಸು ತಲೆ ತಿರುಗುತ್ತದಾ, ಕಿಟಕಿ ಪೂರ್ತಿ ತೆಗೆಯಲಾ ಎಂದು ಕೇಳಿದಳು.

ಅಲ್ಲಿಂದ ಹೊರಡುವಾಗ ರಸ್ತೆ ಇಕ್ಕಟ್ಟಿತ್ತು. ಕಂಡಕ್ಟರ್ ಹಿಂದಿನ ಬಾಗಿಲಿನಿಂದ ಹೊರಗೆ ಬಾಗಿ, ಬಸ್ಸಿನ ಮೈಗೆ ತಟ್ಟುತ್ತ, ಡ್ರೈವರಿಗೆ ಕೂಗುತ್ತಿದ್ದ. "ಬರಲಿ, ಬರಲಿ... ಎಡಕ್ಕೆ ಬೈಕ್ ಉಂಟು, ಬೈಕ್... ಹಾಂ, ರೈಟ್ ಪೋಯಿ!" ದಿನಾ ಕೇಳುವ ಕೂಗು. ಆದರೆ ಅದು ಈಗ ಅಮ್ಮನ ಸ್ವರದಲ್ಲಿ ಕೇಳಿತು.

ಕಳೆದ ಮಳೆಗಾಲದಿಂದ ಅಮ್ಮ ಕಾರಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಮೊದಲೆಲ್ಲ ಕೂತ ಕೂಡಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದವಳು. ಈಗ ಹೊರಟಲ್ಲಿಂದ ಶುರು. ಸೈಕಲ್ ಉಂಟು, ಶಾಲೆ ಮಕ್ಕಳು ಉಂಟು, ಆ ಹೆಂಗಸಿನ ಸೀರೆ ಚಂದ ಉಂಟು, ಬಸ್ಸು ನಿಂತಿದೆ ನೋಡಿ, ಸ್ವಲ್ಪ ಬಲಕ್ಕೆ, ಇನ್ನೂ ಸ್ವಲ್ಪ. ನಾವು ಅವಳಿಗೆ ಕಂಡಕ್ಟರ್ ಎಂದು ಹೆಸರಿಟ್ಟಿದ್ದೆವು. ಅಪ್ಪ ಹಾಲು ತರಲು ಪೇಟೆಗೆ ಹೋದರೂ ಸೀರೆ ಬದಲಿಸಿ ಹೊರಡುತ್ತಿದ್ದಳು. ಈ ವಯಸ್ಸಿನಲ್ಲಿ ಪ್ರೀತಿ ಉಕ್ಕುತ್ತಿದೆ ಎಂದು ನಾನು ತಮಾಷೆ ಮಾಡಿದ್ದೆ. ಅವಳು ನಕ್ಕು ಚಪ್ಪಲಿ ಹಾಕಿಕೊಂಡಿದ್ದಳು.

ಅವಳಿಗೆ ಗೊತ್ತಿದೆ. ಒಂದು ಕ್ಷಣ ಎದೆ ಹಗುರವಾಯಿತು. ಅಪ್ಪನ ಎಡಗಡೆ ಕಾಯಲು ಒಬ್ಬಳಿದ್ದಾಳೆ. ಮರುಕ್ಷಣವೇ ಬೆಳಗಿನ ಸೀನು ನೆನಪಾಯಿತು. ಶೀತದ ಆ ಮಾತ್ರೆ ತಿಂದರೆ ಅಮ್ಮ ನಿಂತಲ್ಲೇ ತೂಕಡಿಸುತ್ತಾಳೆ. ಹಿಂದೊಮ್ಮೆ ಒಲೆಯ ಎದುರು ಸೌಟು ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಆ ನಿದ್ದೆಯನ್ನು ನೋಡಿ ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು. ಬಸ್ಸಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಾನು ಅಮ್ಮನಿಗೆ ಹೇಳಿದೆ, ಮಾತಾಡು, ಮಾತಾಡು, ಮಾತಾಡು. ಜೋರಾಗಿಯೇ ಹೇಳಿರಬೇಕು. ಪಕ್ಕದ ಹೆಂಗಸು ಸ್ವಲ್ಪ ಆಚೆ ಸರಿದಳು.

ಪಡುಬಿದ್ರಿಯಲ್ಲಿ ಇಳಿದು ಕಾಪುವಿನ ಬಸ್ಸಿಗೆ ನಿಂತಾಗ ಚಿಕ್ಕಮ್ಮನ ಫೋನ್ ಬಂತು. ತೆಗೆಯಲು ಕೈ ಬರಲಿಲ್ಲ. ತೆಗೆದೆ.

"ಬಂದರು ಮಾರಾಯ್ತಿ. ಭಾವ ಊಟಕ್ಕೆ ಎಂತ ಅಂತ ಕೇಳ್ತಾ ಇದ್ದಾರೆ."

ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಜೀವ ಬಂತು, ನಿಜ. ಆದರೆ ಬಂದ ಜೀವಕ್ಕೆ ಕೂಡಲೇ ಇನ್ನೊಂದು ಹೆದರಿಕೆ ಅಂಟಿಕೊಂಡಿತು. ಸಂಜೆ ಅವರು ಅದೇ ರಸ್ತೆಯಲ್ಲಿ ವಾಪಸು ಹೊರಡುತ್ತಾರೆ.

ನಾನು ಕಾಪು ತಲುಪುವಾಗ ಊಟ ನಡೆಯುತ್ತಿತ್ತು. ನನ್ನನ್ನು ಕಂಡು ಎಲ್ಲರಿಗೂ ಆಶ್ಚರ್ಯ. ಬೂತಾಯಿಯ ವಾಸನೆ ಕುಕ್ಕುಂದೂರಿನ ತನಕ ಬಂತಾ ಎಂದು ಅಪ್ಪ ನಕ್ಕರು. ಅವರ ಬಟ್ಟಲು ನೋಡಿದೆ. ಬಲಗಡೆಯ ಅನ್ನ ಮುಗಿದಿತ್ತು, ಎಡಗಡೆ ಹುರಿದ ಮೀನು ಮುಟ್ಟದೆ ಬಿದ್ದಿತ್ತು. ಅಪ್ಪ ಇನ್ನೊಂದು ಮೀನು ಹಾಕು ಎಂದು ಚಿಕ್ಕಮ್ಮನನ್ನು ಕೇಳಿದರು. ಅಮ್ಮ ಏನೂ ಹೇಳದೆ ಕೈ ಚಾಚಿ ಬಟ್ಟಲು ತಿರುಗಿಸಿದಳು. "ಹೋ, ಇಲ್ಲೇ ಉಂಟಲ್ಲ," ಎಂದರು ಅಪ್ಪ. ಅಮ್ಮ ತಲೆಯೆತ್ತಿದಳು, ನಾನು ನೋಡುತ್ತಿದ್ದದ್ದನ್ನು ನೋಡಿದಳು.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿನ ಬಾವಿಯ ಹತ್ತಿರ ಅವಳನ್ನು ಹಿಡಿದೆ.

"ಅಮ್ಮ, ನಿನಗೆ ಯಾವಾಗಿಂದ ಗೊತ್ತುಂಟು?"

"ಎಂತದ್ದು?"

"ಅಮ್ಮ."

ಅವಳು ಬಾವಿಯ ಕಟ್ಟೆ ಹಿಡಿದುಕೊಂಡಳು. "ಮಳೆಗಾಲದಿಂದ. ಸ್ವಲ್ಪ ಎಡಗಡೆ ಕಾಣುವುದಿಲ್ಲ ಅವರಿಗೆ, ಅಷ್ಟೆ. ವಯಸ್ಸಾದ ಮೇಲೆ ಯಾರಿಗೆ ಎಲ್ಲ ಕಾಣ್ತದೆ? ನಾನು ಇದ್ದೇನಲ್ಲ."

"ಅಪ್ಪನಿಗೆ ಗೊತ್ತುಂಟಾ?"

"ಇಲ್ಲ. ಹೇಳಬೇಡ. ಕಾರು ತೆಗೆದರೆ ಅವರಲ್ಲಿ ಎಂತ ಉಂಟು ಹೇಳು? ಮೂಲೆಯಲ್ಲಿ ಕೂತುಬಿಡ್ತಾರೆ. ನನಗೆ ಅದೇ ಹೆದರಿಕೆ."

"ಇವತ್ತು ದಾರಿಯಲ್ಲಿ ಮಾತಾಡಿದಿಯಾ ನೀನು? ಪೂರ್ತಿ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆದ್ದಾರಿಗೆ ಬಂದ ಮೇಲೆ ಕಣ್ಣು ಹತ್ತಿದ್ದು ಗೊತ್ತೇ ಆಗಲಿಲ್ಲ ಎಂದಳು. ಯಾರೋ ಕಿರುಚಿದ್ದು ಕೇಳಿ ಎಚ್ಚರವಾಯಿತು. ಒಂದು ಬೈಕು, ಹಿಂದೆ ಒಬ್ಬಳು ಹೆಂಗಸು, ಮಡಿಲಲ್ಲಿ ಮಗು. ಕಿಟಕಿಯಿಂದ ಕೈ ಹಾಕಿದರೆ ಮುಟ್ಟುವಷ್ಟು ಹತ್ತಿರ. ಬಲಕ್ಕೆ ಎಂದು ಕೂಗಿದ್ದು ಮಾತ್ರ ನೆನಪು. ಅಪ್ಪ ಬಲಕ್ಕೆ ಎಳೆದರು. ಯಾಕೆ ಹೀಗೆ ಕೂಗ್ತಿ, ಎಂತ ಉಂಟು ಅಲ್ಲಿ ಎಂದು ಬೈದರು.

"ಆ ಮಗುವಿನ ಕಾಲಿನಲ್ಲಿ ಕೆಂಪು ಸಾಕ್ಸ್ ಇತ್ತು," ಎಂದಳು ಅಮ್ಮ. ಅಷ್ಟು ಹೇಳಿ ಅಳತೊಡಗಿದಳು. ಇಬ್ಬರೂ ಬಾವಿಕಟ್ಟೆಗೆ ಒರಗಿ ನಿಂತೆವು. ಆಮೇಲೆ ಅವಳೇ, "ಹೇಳು ಹಾಗಾದರೆ. ನನ್ನಿಂದ ಆಗುವುದಿಲ್ಲ, ನೀನು ಹೇಳು," ಎಂದಳು.

ಹೇಳುವುದು ಹೇಗೆ? ಕಾಣದ್ದನ್ನು ಕಾಣುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಿನ್ನ ಹೆದರಿಕೆಗೆ ಮದ್ದಿಲ್ಲ ಎಂದು ಅಪ್ಪ ನಕ್ಕುಬಿಡುತ್ತಾರೆ. ಇಷ್ಟು ವರ್ಷ ಸುಮ್ಮಸುಮ್ಮನೆ ಹೆದರಿ ಹೆದರಿ ನನ್ನ ಮಾತಿನ ಬೆಲೆಯನ್ನು ನಾನೇ ಕಳೆದುಕೊಂಡಿದ್ದೆ. ಆಗ ಚೀಲದಲ್ಲಿದ್ದ ಬೈರಾಸಿನ ಗಂಟು ನೆನಪಾಯಿತು.

ಅಪ್ಪ ಸಿಟೌಟಿನಲ್ಲಿ ಕಾಲು ಚಾಚಿ ಕೂತಿದ್ದರು. ಕಡಲ ಗಾಳಿ ಬೀಸುತ್ತಿತ್ತು. ಎದುರಿನ ಸ್ಟೂಲಿನ ಮೇಲೆ ಕಾರು ಇಟ್ಟೆ.

"ಇದರಲ್ಲಿ ಸ್ವಲ್ಪ ಬಾಕಿ ಉಂಟು ಅಪ್ಪ."

"ಎಂತ ಬಾಕಿ? ಮುಗಿಸಿಯೇ ಕೊಟ್ಟದ್ದು."

"ಕಣ್ಣು ಮುಚ್ಚಿ, ಕೈಯಲ್ಲಿ ನೋಡಿ."

ಈ ಮಾತು ಅವರದೇ. ಶೆಡ್ಡಿನಲ್ಲಿ ಪುಟ್ಟಿ ಹಾಕಿ ಉಜ್ಜಿದ ಮೇಲೆ ಬಾಗಿಲು ಸಮವಾಗಿದೆಯೋ ಎಂದು ಅವರು ನೋಡುತ್ತಿದ್ದದ್ದು ಅಂಗೈಯಿಂದ. ಕಣ್ಣಿಗೆ ಬೆಳಕು ಮೋಸ ಮಾಡುತ್ತದೆ ಎನ್ನುತ್ತಿದ್ದರು. ಈಗ ಮಗಳ ಹುಚ್ಚಾಟಕ್ಕೆ ಒಪ್ಪಿದ ಹಾಗೆ ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಕಾರು ಹಿಡಿದು, ಬಲಮೈಯ ಮೇಲೆ ಹೆಬ್ಬೆರಳು ಓಡಿಸಿದರು. ಮೂತಿಯಿಂದ ಶುರು. ಒರಟು, ಒರಟು, ಮುಂದಿನ ಬಾಗಿಲು ಒರಟು. ಎರಡು ಬಾಗಿಲುಗಳ ಮಧ್ಯದ ಪಟ್ಟಿ ದಾಟಿದ ಕೂಡಲೇ ಬೆರಳು ಜಾರಿತು. ನಿಂತಿತು. ಹಿಂದೆ ಬಂತು. ಮತ್ತೆ ಮುಂದೆ ಹೋಯಿತು. ಕಾರನ್ನು ತಿರುಗಿಸಿ ಇನ್ನೊಂದು ಮೈ ಸವರಿದರು. ಹೆಡ್‌ಲೈಟ್ ಸವರಿದರು. ಅವರ ಮುಖದ ಮೇಲಿನ ನಗು ಹೋಗುವುದನ್ನು ನಾನು ನೋಡುತ್ತಿದ್ದೆ. ಅದಕ್ಕಿಂತ ಹೆದರಿಕೆ ಹುಟ್ಟಿಸುವುದನ್ನು ನಾನು ಬೇರೆ ನೋಡಿಲ್ಲ. ಕಣ್ಣು ತೆರೆದು ನೋಡಿದರು. ಮತ್ತೆ ಮುಚ್ಚಿ ಮುಟ್ಟಿದರು. ಕಣ್ಣು ಒಂದು ಹೇಳುತ್ತಿತ್ತು, ಬೆರಳು ಇನ್ನೊಂದು.

"ಇಲ್ಲಿ ನಾನು ಎಂತದೂ ಮಾಡಲೇ ಇಲ್ಲ," ಎಂದರು. ಅವರು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಅಮ್ಮ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ಅಷ್ಟು ಹೊತ್ತು ಅಲ್ಲೇ ನಿಂತಿದ್ದಳು.

"ನೀನು ದಾರಿಯಿಡೀ ಮಾತಾಡ್ತಾ ಇದ್ದದ್ದು ಇದಕ್ಕಾ?"

ಅಮ್ಮ ಹೌದು ಎನ್ನುವ ಹಾಗೆ ತಲೆಯಾಡಿಸಿದಳು.

"ಯಾರಿಗಾದರೂ ತಾಗಿದೆಯಾ?"

"ಇಲ್ಲ."

"ಸರಿಯಾಗಿ ಹೇಳು. ಯಾರಿಗಾದರೂ ತಾಗಿದೆಯಾ?"

"ಇಲ್ಲ ಅಂದೆನಲ್ಲ!"

ಅಪ್ಪ ಎದ್ದರು. ತೆಂಗಿನ ಮರದ ಕೆಳಗೆ ನಿಲ್ಲಿಸಿದ್ದ ಬಿಳಿ ಕಾರಿನ ಹತ್ತಿರ ಹೋಗಿ ಎಡಗಡೆಗೆ ಬಂದರು. ಕಣ್ಣು ಮುಚ್ಚಿ ಅಂಗೈಯನ್ನು ಹೆಡ್‌ಲೈಟಿನ ಮೇಲಿಟ್ಟರು. ಮಡ್‌ಗಾರ್ಡ್, ಮುಂದಿನ ಬಾಗಿಲು, ನಿಧಾನವಾಗಿ, ಒಂದು ಬೆರಳಗಲವನ್ನೂ ಬಿಡದೆ. ಆ ಕೈ ಎಲ್ಲಿಯೂ ನಿಲ್ಲದಿರಲಿ ದೇವರೇ ಎಂದು ನಾನು ಬೇಡುತ್ತಿದ್ದೆ. ಹಿಂದಿನ ಬಾಗಿಲಿನ ಒಂದು ತಗ್ಗಿನ ಮೇಲೆ ಕೈ ನಿಂತಿತು.

"ಇದು ಎಂತ?"

"ಅದು ನಮ್ಮ ಗೇಟಿನ ಕಂಬ," ಎಂದಳು ಅಮ್ಮ. "ಮಳೆ ಬರ್ತಾ ಇತ್ತು. ನಿಮಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಆಮೇಲೆ ಬೆಳಿಗ್ಗೆ ಆ ಬದಿ ನಾನೇ ಒರೆಸ್ತಾ ಇದ್ದದ್ದು. ಅವತ್ತೇ ನನಗೆ ಗೊತ್ತಾದದ್ದು."

"ಕಂಬವೇ ಅಲ್ಲವಾ?"

"ಕಂಬವೇ."

ಅವರು ಕೀಲಿಯನ್ನು ಕಿಸೆಯಿಂದ ತೆಗೆದು ನನ್ನ ಕೈಯಲ್ಲಿಟ್ಟರು. ಅವರ ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಬಸ್ಸಿನಲ್ಲಿ ಹೋಗುವ ಎಂದು ಅಮ್ಮ ಹೇಳಿದಳು. ನನಗೂ ಅದೇ ಬೇಕಿತ್ತು. ಅಪ್ಪ ಮಾತ್ರ, ಇಲ್ಲ, ನನಗೆ ಈಗಲೇ ಮನೆಗೆ ಹೋಗಬೇಕು, ಈ ಕಾರನ್ನು ತೆಗೆದುಕೊಂಡೇ ಹೋಗಬೇಕು ಎಂದರು. ಯಾಕೆಂದು ಹೇಳಲಿಲ್ಲ. ಅವರ ಮುಖ ನೋಡಿ ಎದುರಾಡುವ ಧೈರ್ಯ ಬರಲಿಲ್ಲ.

ಹೀಗೆ ನಾನು ಮೊದಲ ಸಲ ಹೆದ್ದಾರಿಯಲ್ಲಿ ಕಾರು ಓಡಿಸಿದೆ. ಅದನ್ನು ಓಡಿಸಿದ್ದು ಎಂದು ಕರೆಯುವುದಾದರೆ. ಲಾರಿಗಳು ಹಾರ್ನ್ ಹೊಡೆದು ಬೈದು ಹೋದವು. ಬೆನ್ನಿನ ಬೆವರಿಗೆ ರವಿಕೆ ಸೀಟಿಗೆ ಅಂಟಿತ್ತು. ಪ್ರತಿ ಬೈಕಿನ ಹಿಂದೆಯೂ ನನಗೆ ಒಂದು ಕೆಂಪು ಸಾಕ್ಸ್ ಕಾಣುತ್ತಿತ್ತು. ಅಪ್ಪ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತಿದ್ದರು. ಅಷ್ಟು ದೂರವೂ ಅವರು ನನಗೆ ಗೇರ್ ಹಾಕು ಎಂದಾಗಲೀ ಕ್ಲಚ್ ಬಿಡು ಎಂದಾಗಲೀ ಒಂದು ಮಾತು ಹೇಳಲಿಲ್ಲ. ಬೆಳ್ಮಣ್ ಕಳೆದ ಮೇಲೆ ಒಮ್ಮೆ, ಕಾರ್ಕಳ ಪೇಟೆಯಲ್ಲಿ ಒಮ್ಮೆ, ತಮ್ಮಷ್ಟಕ್ಕೆ ಎಂಬ ಹಾಗೆ ಕೇಳಿದರು, "ಕಂಬವೇ ಅಲ್ಲವಾ?" ಅಮ್ಮ ಎರಡು ಸಲವೂ ಕಂಬವೇ ಎಂದಳು. ಎರಡನೆಯ ಸಲ ಅವಳ ಸ್ವರ ಸಣ್ಣದಾಗಿತ್ತು. ನಾನು ಕನ್ನಡಿಯಲ್ಲಿ ಅವಳ ಮುಖ ನೋಡಬಾರದೆಂದು ರಸ್ತೆಯನ್ನೇ ನೋಡಿದೆ.

ಮನೆಯ ಗೇಟಿನ ಎದುರು ಕಾರು ನಿಂತ ಕೂಡಲೇ ಅಪ್ಪ ಇಳಿದರು. ಮೊದಲು ಕಾರಿನ ಹಿಂದಿನ ಬಾಗಿಲಿಗೆ ಒತ್ತಿ ನಿಂತು, ಆ ತಗ್ಗು ತಮ್ಮ ತೊಡೆಯ ಎಲ್ಲಿಗೆ ಬರುತ್ತದೆ ಎಂದು ಬೆರಳಿಟ್ಟು ಗುರುತು ಮಾಡಿಕೊಂಡರು. ಆ ಬೆರಳನ್ನು ಎತ್ತದೆ ಹಾಗೆಯೇ ನಡೆದು ಗೇಟಿನ ಕಂಬದ ಹತ್ತಿರ ಹೋಗಿ ನಿಂತು, ಇನ್ನೊಂದು ಕೈಯಿಂದ ಕಲ್ಲನ್ನು ಅದೇ ಎತ್ತರದಲ್ಲಿ ಸವರತೊಡಗಿದರು. ಕತ್ತಲಾಗುತ್ತಿತ್ತು. ಕಾರಿನ ಎಂಜಿನ್ ನಿಲ್ಲಿಸುವುದನ್ನು ನಾನು ಮರೆತಿದ್ದೆ. ಅವರ ಕೈ ಕಂಬದ ಒಂದು ಮೂಲೆಯಲ್ಲಿ ನಿಂತಿತು. ಉಗುರಿನಿಂದ ಕೆರೆದು, ಉಗುರನ್ನು ಕಾರಿನ ಲೈಟಿಗೆ ಹಿಡಿದು ನೋಡಿದರು. ಬಿಳಿ ಬಣ್ಣ. ಅವರೇ ಕಲಸಿ ಅವರೇ ಹೊಡೆದ ಬಿಳಿ.

"ಕಂಬವೇ," ಎಂದರು ಅಪ್ಪ. ಆಮೇಲೆ ಎರಡೂ ಕೈಗಳಿಂದ ಆ ಕಂಬವನ್ನು ಅಪ್ಪಿ ಹಿಡಿದುಕೊಂಡು ಜೋರಾಗಿ ಅತ್ತರು.